ಮದ್ರಸದಲ್ಲಿ ‘ಯಾಕೆ’ ಅಂತ ಕೇಳಬಾರದಾ?

ಕರಾವಳಿಯ ಅಮ್ಮ:
ಮಗಳಿಗೆ ಒಂಬತ್ತು ವರ್ಷ. ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ. ಮೊನ್ನೆ ಉಸ್ತಾದರ ಹತ್ತಿರ, "ನಮಾಝಿಗೆ ಮುಂಚೆ ವುಝೂ (ಅಂಗಶುದ್ಧಿ) ಮಾಡುವಾಗ ತಲೆಗೆ ಒದ್ದೆ ಕೈ ಸವರಿದರೆ ಸಾಕು, ಕಾಲು ಮಾತ್ರ ಯಾಕೆ ತೊಳೀಬೇಕು?" ಅಂತ ಕೇಳಿದಳಂತೆ. "ದೀನಿನಲ್ಲಿ (ಧರ್ಮದಲ್ಲಿ) ಜಾಸ್ತಿ ಪ್ರಶ್ನೆ ಬೇಡ, ಕುರ್‌ಆನಲ್ಲೇ ಇದೆ" ಅಂದರಂತೆ. ಮುಖ ಊದಿಸಿಕೊಂಡು ಬಂದಳು. ನಿಜವಾಗಿ ಹಾಗಿದೆಯಾ?

ಬಂದರು ಹುಡುಗ:
ಇದೆ ಅಕ್ಕ. ಅಲ್ ಮಾಇದಾ ಅಧ್ಯಾಯ, 101ನೇ ಆಯತ್ (ವಚನ). ಬಯಲಾದರೆ ನಿಮಗೇ ಬೇಸರವಾಗುವಂಥ ವಿಷಯ ಕೇಳಬೇಡಿ ಅಂತ.

ಹಳೆ ದರ್ಸ್ ವಿದ್ಯಾರ್ಥಿ:
ತಮ್ಮಾ, ಆಯತನ್ನು ಅರ್ಧಕ್ಕೇ ನಿಲ್ಲಿಸಿದೆ. ಕುರ್‌ಆನ್ ಇಳಿಯುತ್ತಿರುವಾಗ ಕೇಳಿದರೆ ಅದು ಬಯಲಾಗುತ್ತದೆ ಅಂತ ಮುಂದೆಯೇ ಇದೆ. ಹಜ್ ಕಡ್ಡಾಯ ಅಂದಾಗ ಒಬ್ಬರು "ಪ್ರತಿ ವರ್ಷವಾ?" ಅಂತ ಮೂರು ಸಲ ಕೇಳಿದರು. ಪ್ರವಾದಿ (ಸ) ಸುಮ್ಮನಿದ್ದರು. ಆಮೇಲೆ, "ಹೌದು ಅಂದಿದ್ದರೆ ಅದೇ ಕಡ್ಡಾಯವಾಗುತ್ತಿತ್ತು, ನಿಮ್ಮಿಂದ ಆಗುತ್ತಿರಲಿಲ್ಲ" ಅಂದರು. ಭಯ ಇದ್ದದ್ದು ಅದಕ್ಕೆ. ಈಗ ಒಂಬತ್ತು ವರ್ಷದ ಹುಡುಗಿ ಕೇಳಿದಳು ಅಂತ ಹೊಸ ಫರ್ಝ್ (ಕಡ್ಡಾಯ ವಿಧಿ) ಇಳಿಯುತ್ತದಾ?

ಕೇಳದೆ ಕೆಟ್ಟ ಕಥೆಯೂ ಇದೆ. ಪ್ರಯಾಣದಲ್ಲಿ ಒಬ್ಬರಿಗೆ ಕಲ್ಲು ಬಿದ್ದು ತಲೆ ಒಡೆದಿತ್ತು. ಶುದ್ಧಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ (ನೀರಿನ ಬದಲು ಮಣ್ಣಿನಿಂದ ಶುದ್ಧಿ) ಸಾಕಾ ಅಂತ ಜೊತೆಯವರನ್ನು ಕೇಳಿದರು. ಇವರು ತಿಳಿಯದೆಯೇ "ನೀರಿದೆಯಲ್ಲ, ಆಗೋಲ್ಲ" ಅಂದುಬಿಟ್ಟರು. ಆತ ಸ್ನಾನ ಮಾಡಿದ, ಸತ್ತ. ಪ್ರವಾದಿಯವರಿಗೆ ಸಿಟ್ಟು ಬಂತು: ಅವರೇ ಅವನನ್ನು ಕೊಂದರು, ಗೊತ್ತಿಲ್ಲದಿದ್ದರೆ ಕೇಳಬಾರದಿತ್ತಾ, ಅಜ್ಞಾನಕ್ಕೆ ಮದ್ದು ಕೇಳುವುದೇ ಅಲ್ವಾ! ಹದೀಸ್ ಸಂಗ್ರಹ ಅಬೂ ದಾವೂದ್‌ನಲ್ಲಿದೆ.

ಇನ್ನು ಮಗಳ ಪ್ರಶ್ನೆ. ಅಕ್ಕ, ಅದು ಸಣ್ಣದಲ್ಲ! ವುಝೂವಿನ ಆಯತ್ ಇರುವುದೂ ಅಲ್ ಮಾಇದಾದಲ್ಲೇ, 6ನೆಯದು. ಅಲ್ಲಿ ‘ಅರ್ಜುಲಕುಂ’ ಅಂತ ಓದಿದರೆ ಕಾಲು ‘ತೊಳೆಯಿರಿ’ಗೆ ಸೇರುತ್ತದೆ. ‘ಅರ್ಜುಲಿಕುಂ’ ಅಂದರೆ ತಲೆಯ ಜೊತೆ ‘ಸವರಿ’ಗೆ. ಎರಡೂ ಒಪ್ಪಿದ ಓದಿನ ಕ್ರಮಗಳೇ. ಸುನ್ನಿಗಳು ತೊಳೆಯುತ್ತಾರೆ, ಶಿಯಾಗಳು ಸವರುತ್ತಾರೆ. ಒಂದು ಸ್ವರದ ಮೇಲೆ ಎಷ್ಟೋ ಪುಟ ತುಂಬಿದೆ. ನಾನು ಮಸೀದಿಯ ಧಾರ್ಮಿಕ ಪಾಠದ ದರ್ಸ್‌ಗೆ ಸೇರಿ ನಾಲ್ಕನೇ ವರ್ಷಕ್ಕೆ ಅದನ್ನು ಓದಿದೆ. ಇವಳು ತೋಳು ಮಡಚಿ ನಲ್ಲಿ ಮುಂದೆ ನಿಂತೇ ಹಿಡಿದಳು. ಉಸ್ತಾದರಿಗೆ ಎಂಟು ಗಂಟೆಯೊಳಗೆ ಪಾಠ ಮುಗಿಸಬೇಕು ಪಾಪ. ಸಂಜೆ ಹೋಗಿ ಕೇಳಿ, ಹೇಳುತ್ತಾರೆ.

ಕರಾವಳಿಯ ಅಮ್ಮ:
ಅವಳಿಗೆ ಓದಿ ಹೇಳಿದೆ. ಈಗ "ಹಾಗಾದರೆ ಸಾಕ್ಸ್ ಹಾಕಿದ್ದರೆ?" ಅಂತಿದ್ದಾಳೆ.

ಹಳೆ ದರ್ಸ್ ವಿದ್ಯಾರ್ಥಿ:
ಅಲ್ಲಾಹ್! ಅದಕ್ಕೆ ಬೇರೆ ಅಧ್ಯಾಯವೇ ಇದೆ. ರಾತ್ರಿ ಬರೆಯುತ್ತೇನೆ.