ಎಂಜಿಬಿ 1964: ಪೇಟೆಯಲ್ಲಿ ತಂಪು, ಹೈವೇಯಲ್ಲಿ ಹೀಟ್

ಉಪ್ಪಳ64:
ನಮಸ್ಕಾರ. ಗಾಡಿ 1964ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರ್), 1798 ಸಿಸಿ. ಹಳೆ ರಸ್ತೆಯಲ್ಲಿ ಎಂತದೂ ತೊಂದರೆ ಇರಲಿಲ್ಲ. ಈಗ ತಲಪಾಡಿ ದಾಟಿ ಹೊಸ ಹೈವೇಯಲ್ಲಿ 80ರ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಗೇಜಿನ ಮುಳ್ಳು 190 ದಾಟಿ 220 ಫ್ಯಾರನ್‌ಹೀಟಿಗೆ ಹೋಗ್ತದೆ. ಕುಂಬಳೆ ಪೇಟೆ ಒಳಗೆ ನಿಧಾನ ಹೋದರೆ ತಾನಾಗಿ ಇಳೀತದೆ. ಮೆಕ್ಯಾನಿಕ್ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆಗೆದು ಬಿಸಾಡುವ ಅಂತಾರೆ, ಇನ್ನೊಬ್ಬರು ಎಲೆಕ್ಟ್ರಿಕ್ ಫ್ಯಾನ್ ಹಾಕಿ ಅಂತಾರೆ. ಎಂತ ಮಾಡುವುದು?

ಹಳೆ ಸ್ಪ್ಯಾನರ್:
ಫ್ಯಾನಿಗೆ ದುಡ್ಡು ಹಾಕ್ಬೇಡಿ ಮಾರಾಯ್ರೆ. ಫ್ಯಾನ್ ಬೇಕಾಗುವುದು ಗಾಡಿ ನಿಂತಾಗ. 80ರಲ್ಲಿ ಗಾಳಿ ಹೇಗೂ ರೇಡಿಯೇಟರಿಗೆ ಬಡೀತದೆ. ನಿಮ್ಮದರಲ್ಲಿ ನೀರು ಸಾಕಷ್ಟು ತಿರುಗ್ತಾ ಇಲ್ಲ ಅಂತ ನನ್ನ ಸಂಶಯ. ಹಳೆ ರಸ್ತೆಯ ಟ್ರಾಫಿಕ್ ಬ್ಲಾಕಿನಲ್ಲಿ ಆ ಸ್ಪೀಡ್ ಎಲ್ಲಿ ಸಿಗ್ತಿತ್ತು, ದೋಷ ಗೊತ್ತಾಗ್ಲಿಕ್ಕೆ? ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಿ, 82 ಡಿಗ್ರಿ ಸೆಲ್ಸಿಯಸ್ಸಿನದ್ದು ಕುದಿ ಬರುವ ಮೊದಲೇ ಪೂರ್ತಿ ತೆರೀಬೇಕು. ತೆರೆದರೆ ಅದರ ತಪ್ಪಿಲ್ಲ.

ಆಮೇಲೆ ಕೆಳಗಿನ ಹೋಸ್. ಅದು ಪಂಪು ನೀರು ಎಳೆಯುವ ಬದಿ. ಇಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ಒಬ್ಬರು 3500 ಆರ್‌ಪಿಎಂ ತನಕ ರೇಸ್ ಮಾಡ್ಲಿ, ನೀವು ಬದಿಯಿಂದ ಟಾರ್ಚ್ ಹಾಕಿ. (ಹೆಗಲಿನ ಬೈರಾಸು ತೆಗೆದಿಟ್ಟು ಬಗ್ಗಿ, ಫ್ಯಾನ್ ಬಿಡುವುದಿಲ್ಲ!) ಹೋಸ್ ಚಪ್ಪಟೆ ಆದರೆ ಅದೊಂದನ್ನೇ ಬದಲಿಸಿ ಸುಮ್ಮನಾಗ್ಬೇಡಿ. ರೇಡಿಯೇಟರ್ ಕಟ್ಟಿದ್ದರೂ ಎಳೆತ ಜಾಸ್ತಿಯಾಗಿ ಹೋಸ್ ಒಳಗೆ ಹೋಗ್ತದೆ. ಕ್ಯಾಪ್ ಪ್ರೆಶರ್ ಹಿಡಿಯದಿದ್ದರೂ ಹಾಗೆಯೇ, ಯಾಕಂದ್ರೆ ಒಳಗಿನ ಒತ್ತಡವೇ ಹೋಸನ್ನು ಉಬ್ಬಿಸಿಡುವುದು. ಇಂಜಿನ್ ಆಫ್ ಮಾಡಿ ರೇಡಿಯೇಟರಿನ ಕೋರ್ (ಸಣ್ಣ ಟ್ಯೂಬುಗಳಿರುವ ನಡುಭಾಗ) ಮೇಲೆ ಕೈ ಆಡಿಸಿ. ಎಲ್ಲಿ ತಣ್ಣಗೆ ಉಂಟೋ ಅಲ್ಲಿ ಟ್ಯೂಬ್ ಕಟ್ಟಿದೆ. ಬಿಸಿ ಇರುವಾಗ ಕ್ಯಾಪಿಗೆ ಮಾತ್ರ ಕೈ ಹಾಕ್ಬೇಡಿ.

ಅಡಿಕೆತೋಟ:
ಟೈಮಿಂಗ್ ಕೂಡ ನೋಡಿಸಿ. ಸ್ಪಾರ್ಕ್ ತಡವಾದರೂ ಹೈವೇಯಲ್ಲಿ ಬಿಸಿಯಾಗ್ತದೆ. ವ್ಯಾಕ್ಯೂಮ್ ಅಡ್ವಾನ್ಸಿನ (ಇಂಜಿನಿನ ಎಳೆತದಿಂದ ಸ್ಪಾರ್ಕನ್ನು ಬೇಗ ಮಾಡುವ ಭಾಗ) ಪೈಪು ಕಳಚಿ ಬಾಯಿಯಿಂದ ಎಳೆಯಿರಿ. ಗಾಳಿ ಬರ್ತಾನೇ ಇದ್ದರೆ ಅದರೊಳಗಿನ ಡಯಾಫ್ರಾಮ್ (ತೆಳು ಪರದೆ) ಹರಿದಿದೆ. ಅಂಬಾಸಿಡರ್ ಬಿಚ್ಚಿದ ಹಳಬರು ನಿಮ್ಮಲ್ಲಿ ಇದ್ದರೆ ಅವರನ್ನೇ ಹಿಡಿಯಿರಿ, ಅದರ 1489 ಸಿಸಿ ಪೆಟ್ರೋಲ್ ಇಂಜಿನ್ ನಿಮ್ಮ ಎಂಜಿಬಿಯ ಹಾಗೆಯೇ ಬಿ ಸೀರೀಸಿನದ್ದು.

ಉಪ್ಪಳ64:
ಡಯಾಫ್ರಾಮ್ ಸರಿ ಉಂಟು. ಹೋಸ್ 3000 ದಾಟುವಾಗಲೇ ಬೊಂಡದ ಸ್ಟ್ರಾ ಹಾಗೆ ಅಂಟಿಕೊಂಡಿತು. ಕೋರಿನ ಬಲಬದಿ ಪೂರ್ತಿ ತಣ್ಣಗೆ. ರೇಡಿಯೇಟರ್ ಅಂಗಡಿಯವರು ಮೇಲಿನ ಟ್ಯಾಂಕ್ ಬಿಚ್ಚಿದರೆ ಒಳಗೆ ಹಳದಿ ಕೆಸರು! ಹಿಂದಿನ ಓನರ್ ಲೀಕ್ ನಿಲ್ಲಿಸ್ಲಿಕ್ಕೆ ಅರಸಿನ ಹುಡಿ ಹಾಕಿದ್ದಂತೆ. ಟ್ಯೂಬುಗಳಿಗೆ ಕಡ್ಡಿ ಹಾಕಿ ಕ್ಲೀನ್ ಮಾಡಿಸಿದೆ, ಒಳಗೆ ಸ್ಪ್ರಿಂಗ್ ಇರುವ ಹೋಸ್, ಹೊಸ ಕ್ಯಾಪ್ ಹಾಕಿದೆ. ನಿನ್ನೆ ಮಂಗಳೂರಿಗೆ ಹೋಗಿ ಬಂದೆ, ಮುಳ್ಳು 190ರಲ್ಲೇ. ಗಾಡಿ ಆಫ್ ಮಾಡಿದ ಮೇಲೆ ಸ್ವಲ್ಪ ಏರಿ ಇಳೀತದೆ, ಅದು ಎಂತದು?

ಹಳೆ ಸ್ಪ್ಯಾನರ್:
ಪಂಪು ನಿಂತ ಮೇಲೆ ಇಂಜಿನ್ ಬ್ಲಾಕಿನ ಬಿಸಿ ನೀರಿಗೆ ಇಳಿಯುವುದು, ಎಲ್ಲ ಗಾಡಿಯಲ್ಲೂ ಉಂಟು. ಆದರೆ ಅರಸಿನ ರೇಡಿಯೇಟರಿನಲ್ಲಿ ಮಾತ್ರ ಕೂತಿರ್ಲಿಕ್ಕಿಲ್ಲ. ಬ್ಲಾಕಿನ ಡ್ರೈನ್ ಟ್ಯಾಪ್ ತೆರೆದು, ಹೀಟರ್ ಇದ್ದರೆ ಅದನ್ನೂ ಸೇರಿಸಿ ನೀರು ತಿಳಿಯಾಗುವ ತನಕ ಫ್ಲಶ್ ಮಾಡಿ. ಟ್ಯಾಪಿನಿಂದ ಏನೂ ಬಾರದಿದ್ದರೆ ತಂತಿ ಹಾಕಿ ಕೆದಕಿ, ಅಲ್ಲಿಯೂ ಕೆಸರು ಗಟ್ಟಿ ಕೂತಿರ್ತದೆ. ಆಮೇಲೆ ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ.