ಮಗಳ ಹಲ್ಲಿನ ಮೇಲೆ ಕಂದು ಗೆರೆ, ಬೋರ್ ನೀರೇ ಕಾರಣವಾ? ಏನು ಮಾಡಬೇಕು?

ನೀಲಾ_ಪಾವಗಡ

ಎಲ್ಲರಿಗೂ ನಮಸ್ಕಾರ. ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಎಂಟು ವರ್ಷ. ಹಾಲು ಹಲ್ಲು ಬಿದ್ದು ಮುಂದಿನ ಹಲ್ಲು ಹೊಸದಾಗಿ ಬಂದಾಗ ಸುಣ್ಣ ಮೆತ್ತಿದ ಹಾಗೆ ಬಿಳಿ ಮಚ್ಚೆ ಇತ್ತು, ಈಗ ಅದೇ ಜಾಗದಲ್ಲಿ ಕಂದು ಗೆರೆ ಮೂಡಿದೆ. ದಿನಕ್ಕೆ ಎರಡು ಸಲ ಉಜ್ಜಿಸಿದರೂ ಹೋಗುವುದಿಲ್ಲ. ಮೊನ್ನೆ ಶಾಲೆಯಲ್ಲಿ ಗ್ರೂಪ್ ಫೋಟೋ ತೆಗೆದರು. ಎಲ್ಲ ಮಕ್ಕಳೂ ನಗುತ್ತಿದ್ದಾರೆ, ಇವಳೊಬ್ಬಳು ತುಟಿ ಬಿಗಿದು ನಿಂತಿದ್ದಾಳೆ. ಆ ಫೋಟೋ ನೋಡಿದಾಗಿನಿಂದ ನನಗೆ ನಿದ್ದೆ ಬರುತ್ತಿಲ್ಲ.

ನಮ್ಮ ಮಾವನವರಿಗೆ 58 ವರ್ಷ. ಬೆನ್ನು ಬಗ್ಗುವುದಿಲ್ಲ, ಯಾರಾದರೂ ಹಿಂದಿನಿಂದ ಕರೆದರೆ ಕತ್ತು ತಿರುಗಿಸಲು ಆಗದೆ ಇಡೀ ಮೈ ತಿರುಗಿಸುತ್ತಾರೆ. ವಯಸ್ಸಾಯಿತು ಎಂದೇ ನಾವು ಅಂದುಕೊಂಡಿದ್ದೆವು. ಆದರೆ ನನ್ನ ತವರು ತಿಪಟೂರು ಕಡೆ, ಅಲ್ಲಿ ಎಪ್ಪತ್ತು ದಾಟಿದವರೂ ತೋಟದಲ್ಲಿ ಬಗ್ಗಿ ಕಾಯಿ ಆಯುತ್ತಾರೆ.

ಮೊದಲು ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದ ತರುತ್ತಿದ್ದೆವು, ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್. ಅದು ಕೆಟ್ಟು ನಾಲ್ಕು ತಿಂಗಳಾಯಿತು. ಕೇಳಿದಾಗಲೆಲ್ಲ ಇವತ್ತು ನಾಳೆ ಅನ್ನುತ್ತಾರೆ. ತುಂಗಭದ್ರಾ ಹಿನ್ನೀರಿನ ಯೋಜನೆ ನಮ್ಮ ತಾಲ್ಲೂಕಿಗೂ ಇದೆ, ನಮ್ಮ ಬೀದಿಯ ನಲ್ಲಿಗೆ ಆ ನೀರು ಇನ್ನೂ ಬಂದಿಲ್ಲ. ಹಾಗಾಗಿ ಈಗ ಬೋರ್ ನೀರನ್ನೇ ಹತ್ತು ನಿಮಿಷ ಚೆನ್ನಾಗಿ ಕುದಿಸಿ ಆರಿಸಿ ಕೊಡುತ್ತಿದ್ದೇನೆ. ಅಡುಗೆಗೆ ಮೊದಲಿನಿಂದಲೂ ಅದೇ ನೀರು. ಚಿಕ್ಕವನಿಗೆ ಒಂದು ವರ್ಷ, ಅವನ ರಾಗಿ ಸರಿಗೂ ಅದೇ.

ಕಳೆದ ವಾರ ಫಿಲ್ಟರ್ ಮಾರುವವರು ಒಬ್ಬರು ಬಂದಿದ್ದರು. ನಮ್ಮ ನೀರಿಗೆ ಎರಡು ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟರು, ಎರಡೇ ನಿಮಿಷಕ್ಕೆ ಲೋಟದ ತುಂಬ ಕೆಂಪು ಕೆಸರು! ಅವರು ತಂದ ನೀರಿಗೆ ಏನೂ ಆಗಲಿಲ್ಲ. ಮೆಷಿನ್‌ಗೆ 18 ಸಾವಿರ, ಕಂತಿನಲ್ಲಿ ಕೊಡಬಹುದಂತೆ. ಯಜಮಾನರು ಕುರಿ ಮಾರಿ ತಂದುಬಿಡೋಣ ಅನ್ನುತ್ತಿದ್ದಾರೆ. ತರಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ನೀರಿನ_ಲ್ಯಾಬ್

ಅಕ್ಕಾ, ಕುರಿ ಈಗಲೇ ಮಾರಬೇಡಿ. ನಾನು ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ.

ಮಗಳ ಹಲ್ಲಿನ ಮಚ್ಚೆಗೂ ಮಾವನವರ ಬೆನ್ನಿಗೂ ಬೋರ್ ನೀರಲ್ಲಿ ಜಾಸ್ತಿ ಇರುವ ಫ್ಲೋರೈಡ್ ಎಂಬ ಲವಣವೇ ಕಾರಣ ಇರಬಹುದು. ಮೊದಲು ಕುದಿಸುವ ವಿಷಯ. ಕುದಿಸಿದರೆ ವಾಂತಿಭೇದಿ ತರುವ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಅದು ಕಲ್ಲಿನಿಂದ ಬಂದು ಉಪ್ಪಿನ ಹಾಗೆ ನೀರಲ್ಲಿ ಕರಗಿರುತ್ತದೆ. ಹತ್ತು ನಿಮಿಷ ಕುದಿಸಿದರೆ ಸ್ವಲ್ಪ ನೀರು ಆವಿಯಾಗಿ ಹೋಗುತ್ತದೆ, ಉಳಿದ ನೀರಲ್ಲಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಕ್ಲೋರಿನ್, ಯುವಿ ದೀಪದ ಫಿಲ್ಟರ್, ಇವು ಯಾವುದಕ್ಕೂ ಫ್ಲೋರೈಡ್ ಬಗ್ಗುವುದಿಲ್ಲ.

ಆ ಕೆಂಪು ಕೆಸರು ನಿಮ್ಮ ನೀರಿನದ್ದಲ್ಲ, ಅವರ ಕಡ್ಡಿಯದ್ದು. ಕಡ್ಡಿ ಕಬ್ಬಿಣದ್ದು. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಆಗ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಅವರು ತಂದ ನೀರಲ್ಲಿ ಲವಣವೇ ಇಲ್ಲ, ಕರೆಂಟ್ ಹರಿಯುವುದಿಲ್ಲ, ಅದಕ್ಕೇ ಏನೂ ಆಗಲಿಲ್ಲ. ಇನ್ನೊಮ್ಮೆ ಬಂದರೆ ಅವರ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ಮಾಡಿಸಿ ನೋಡಿ, ಅದೂ ಕೆಂಪಾಗುತ್ತದೆ. ಇದನ್ನು ನೋಡಿ ಹೆದರಿ ಸಾಲ ಮಾಡಿದ ಎಷ್ಟೋ ಮನೆಗಳನ್ನು ನಾನು ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಟಿಡಿಎಸ್ ಮೀಟರ್ ತೋರಿಸಿದರೂ ಅಷ್ಟೇ. ಅದು ಕರಗಿದ ಎಲ್ಲ ಲವಣಗಳ ಒಟ್ಟು ಲೆಕ್ಕ. ಲೀಟರ್‌ಗೆ ಒಟ್ಟು 600 ಮಿ.ಗ್ರಾಂ ಇರುವಲ್ಲಿ ಫ್ಲೋರೈಡ್ 3 ಮಿ.ಗ್ರಾಂ ಇದ್ದರೆ ಅದು ಎಲ್ಲಿ ಕಾಣುತ್ತದೆ? ಟಿಡಿಎಸ್ ಕಡಿಮೆ ಇದ್ದು ಫ್ಲೋರೈಡ್ ಜಾಸ್ತಿ ಇರುವ ಸಿಹಿ ನೀರೂ ಉಂಟು. ರುಚಿ, ಬಣ್ಣ, ವಾಸನೆ ಯಾವುದರಿಂದಲೂ ತಿಳಿಯುವುದಿಲ್ಲ.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಒಂದು ಲೀಟರ್‌ಗೆ 1 ಮಿ.ಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ವರೆಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ 1.5. ಅದಕ್ಕೇ ಮೊದಲು ಪರೀಕ್ಷೆ. ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿ, ಯಾವ ಬೋರ್, ಯಾವ ದಿನ ಎಂದು ಚೀಟಿ ಅಂಟಿಸಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಲ್ಯಾಬ್‌ಗೆ ಕೊಡಿ. ಪಂಚಾಯ್ತಿಗಳಿಗೆ ಪರೀಕ್ಷೆಯ ಕಿಟ್ ಕೂಡ ಕೊಟ್ಟಿರುತ್ತಾರೆ, ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ಅದರ ತರಬೇತಿ ಇದೆ, ನಿಮ್ಮ ಊರಲ್ಲಿ ಯಾರಿಗೆ ಕೊಟ್ಟಿದ್ದಾರೆ ವಿಚಾರಿಸಿ.

ತೆಳು ಪೊರೆಯ ಮೂಲಕ ನೀರು ಸೋಸುವ ಆರ್‌ಒ ಮೆಷಿನ್ ಫ್ಲೋರೈಡ್ ತೆಗೆಯುತ್ತದೆ, ಅದು ಸುಳ್ಳಲ್ಲ. ಆದರೆ ಗಡಸು ನೀರಿಗೆ ಆ ಪೊರೆ (ಮೆಂಬ್ರೇನ್) ಬೇಗ ಕಟ್ಟಿಕೊಳ್ಳುತ್ತದೆ, ಬದಲಾಯಿಸುವ ಖರ್ಚು ಕೇಳಿಕೊಂಡೇ ತನ್ನಿ. ಇನ್ನೊಂದು, ಅದು ಹೊರಗೆ ಬಿಡುವ ನೀರಲ್ಲಿ ಫ್ಲೋರೈಡ್ ಎಲ್ಲ ಸೇರಿರುತ್ತದೆ. ಘಟಕದ ಹಿಂದಿನ ಗುಂಡಿಯಲ್ಲಿ ನಿಂತ ಆ ನೀರನ್ನು ದನ ಕುಡಿಯುತ್ತವೆ. ದನಗಳ ಹಲ್ಲು ಮೂಳೆಗೂ ಇದೇ ಗತಿ ಆಗುತ್ತದೆ, ದಯವಿಟ್ಟು ಕುಡಿಯಲು ಬಿಡಬೇಡಿ.

ಗಡಿನಾಡ_ಶಿಕ್ಷಕಿ

ನೀಲಾ ಅವರೇ, ನಾನು ಬಾಗೇಪಲ್ಲಿ ಕಡೆ ಶಾಲೆಯಲ್ಲಿ ಪಾಠ ಮಾಡುತ್ತೇನೆ. ತುಟಿ ಬಿಗಿದು ನಿಲ್ಲುವ ಮಕ್ಕಳು ನನ್ನ ತರಗತಿಯಲ್ಲೂ ಇದ್ದಾರೆ. ದಯವಿಟ್ಟು ಮಗಳಿಗೆ ಸರಿಯಾಗಿ ಉಜ್ಜು ಎಂದು ಬೈಯಬೇಡಿ. ಅದು ಕೊಳೆಯಲ್ಲ. ಹಲ್ಲು ಒಸಡಿನ ಒಳಗೆ ಬೆಳೆಯುವಾಗಲೇ ಆಗುವ ಮಚ್ಚೆ, ಅವಳ ತಪ್ಪು ಒಂದಿಷ್ಟೂ ಇಲ್ಲ. ಇದನ್ನು ಅವಳಿಗೂ ಬಾಯಿಬಿಟ್ಟು ಹೇಳಿ.

ನೀವು ಬರೆದಿದ್ದರಲ್ಲಿ ನನಗೆ ಜಾಸ್ತಿ ಚಿಂತೆ ಆಗಿದ್ದು ಅಡುಗೆಯ ಮಾತು. ನಮ್ಮ ಕಡೆಯೂ ಎಲ್ಲರೂ ಹೀಗೇ ಮಾಡುತ್ತಾರೆ, ಕುಡಿಯುವುದಕ್ಕೆ ಫಿಲ್ಟರ್ ನೀರು, ಅಡುಗೆಗೆ ನಲ್ಲಿ ನೀರು. ಮುದ್ದೆಗೆ ಇಟ್ಟ ಎಸರು ಪೂರ್ತಿ ಮುದ್ದೆಯೊಳಗೇ ಹೋಗುತ್ತದೆ, ಅನ್ನ, ಸಾರು, ಕಾಫಿ ಎಲ್ಲ ಅದೇ. ಒಂದು ವರ್ಷದ ಮಗುವಿನ ಸರಿಯಲ್ಲಂತೂ ನೀರೇ ಜಾಸ್ತಿ ಅಲ್ವಾ? ದಿನಕ್ಕೆ ಒಂದೇ ಬಿಂದಿಗೆ ಒಳ್ಳೆಯ ನೀರು ಸಿಕ್ಕರೂ ಚಿಕ್ಕವನ ಸರಿಗೆ, ಮಕ್ಕಳು ಕುಡಿಯುವುದಕ್ಕೆ ಮೊದಲು ತೆಗೆದಿಡಿ. ಅವನ ಶಾಶ್ವತ ಹಲ್ಲು ಈಗ ಒಳಗೆ ಬೆಳೆಯುತ್ತಿದೆ, ಅವನಿಗೆ ಇನ್ನೂ ಕಾಲ ಮಿಂಚಿಲ್ಲ. ಎದೆಹಾಲು ಕೊಡುತ್ತಿದ್ದರೆ ಬಿಡಿಸಬೇಡಿ, ತಾಯಿ ಫ್ಲೋರೈಡ್ ನೀರು ಕುಡಿದರೂ ಎದೆಹಾಲಿಗೆ ಇಳಿಯುವುದು ತೀರಾ ಕಡಿಮೆ.

ಊಟದಲ್ಲಿ ಸುಣ್ಣದ ಅಂಶ ಇದ್ದರೆ ಮೈ ಹೀರಿಕೊಳ್ಳುವ ಫ್ಲೋರೈಡ್ ಕಡಿಮೆಯಾಗುತ್ತದೆ. ನೂರು ಗ್ರಾಂ ರಾಗಿಯಲ್ಲೇ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಹಾಲು, ಮಜ್ಜಿಗೆ, ನುಗ್ಗೆಸೊಪ್ಪು, ನೆಲ್ಲಿಕಾಯಿ ಕೊಡಿ. ಮಕ್ಕಳಿಗೆ ಟೀ ಬೇಡ, ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇರುತ್ತದೆ. ಇದೆಲ್ಲ ನೀರು ಬದಲಾಯಿಸಿದ ಮೇಲೆ, ನೀರಿನ ಬದಲಿಗೆ ಅಲ್ಲ.

ಮಾವನವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿ. ಮೂಳೆಗೆ ಇಳಿದದ್ದು ಪೂರ್ತಿ ವಾಪಸ್ ಹೋಗುವುದಿಲ್ಲ, ಅದನ್ನು ಮುಚ್ಚಿಟ್ಟು ಹೇಳಲಾರೆ. ಒಳ್ಳೆಯ ನೀರು ಕುಡಿದರೆ ಮುಂದೆ ಬಿಗಡಾಯಿಸುವುದನ್ನು ತಡೆಯಬಹುದು.

ಹಳೇ_ಬೇರು

ಎಲ್ಲರೂ ಸುಮ್ನೆ ಹೆದರಿಸುತ್ತಿದ್ದೀರಿ ಅನಿಸುತ್ತದೆ. ನಮ್ಮ ತಾತ ಇದೇ ಊರಿನ ನೀರು ಕುಡಿದು 90 ವರ್ಷ ಬದುಕಿದರು, ಕೊನೆಯವರೆಗೂ ಕಬ್ಬು ಕಡಿಯುತ್ತಿದ್ದರು. ಮೆಷಿನ್ ನೀರಲ್ಲಿ ಸತ್ವವೇ ಇರುವುದಿಲ್ಲ. ಭೂಮಿತಾಯಿ ಕೊಟ್ಟ ನೀರಿಗಿಂತ ಒಳ್ಳೆಯದು ಯಾವುದಿದೆ?

ನೀರಿನ_ಲ್ಯಾಬ್

ಅಣ್ಣ, ನಿಮ್ಮ ತಾತ ಕುಡಿದದ್ದು ಯಾವ ನೀರು? ಊರ ಮುಂದಿನ ಸೇದೋ ಬಾವಿಯದ್ದು. ಮೂವತ್ತು ನಲವತ್ತು ಅಡಿ ಆಳ, ಮೇಲೆ ಕೆರೆ ತುಂಬಿದರೆ ಬಾವಿಯೂ ತುಂಬುತ್ತಿತ್ತು, ಅದು ಮೊನ್ನೆ ಮೊನ್ನೆ ಬಿದ್ದ ಮಳೆಯ ನೀರು. ಈಗ ನಮ್ಮ ನಲ್ಲಿಗೆ ಬರುವುದು ಸಾವಿರ ಅಡಿ ಬೋರ್‌ನಿಂದ. ಕಗ್ಗಲ್ಲಿನ ಬಿರುಕಿನಲ್ಲಿ ಎಷ್ಟೋ ಕಾಲದಿಂದ ನಿಂತ ನೀರು ಅದು. ಬಂಡೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ, ನೀರು ಅಲ್ಲಿ ಎಷ್ಟು ಹೊತ್ತು ನಿಂತರೆ ಅಷ್ಟು ಕರಗಿ ಬರುತ್ತದೆ. ಊರು ಅದೇ ಇರಬಹುದು, ನೀರು ಅದಲ್ಲ. ಮೆಷಿನ್ ನೀರಲ್ಲಿ ಖನಿಜ ಕಡಿಮೆ ಎನ್ನುವ ನಿಮ್ಮ ಮಾತು ಸರಿ, ಅದಕ್ಕೇ ಊಟ ಚೆನ್ನಾಗಿರಬೇಕು ಎಂದು ಶಿಕ್ಷಕಿ ಮೇಡಂ ಹೇಳಿದ್ದು.

ಢಾಕಾ_ಕನ್ನಡಿಗ

ಇದನ್ನು ಓದಿ ಬರೆಯದೆ ಇರಲಾಗಲಿಲ್ಲ. ನಾನು ಕೋಲಾರದವನು, ಗಾರ್ಮೆಂಟ್ಸ್ ಕೆಲಸಕ್ಕೆಂದು ಬಾಂಗ್ಲಾದೇಶದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ನೀರಿಗೇನೂ ಬರವಿಲ್ಲ, ಎಲ್ಲಿ ನೋಡಿದರೂ ನದಿ. 1970ರ ದಶಕದಲ್ಲಿ ಕೆರೆ ಕುಂಟೆ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದರು ಎಂದು ಯುನಿಸೆಫ್ ನೆರವಿನಿಂದ ಊರೂರಿಗೆ ಕೊಳವೆಬಾವಿ ಹಾಕಿಸಿದರು. ಎಲ್ಲರೂ ಮೆಚ್ಚಿದ ಕೆಲಸ. 1993ರಲ್ಲಿ ಗೊತ್ತಾಯಿತು, ಆ ನೀರಲ್ಲಿ ಆರ್ಸೆನಿಕ್ ವಿಷ ಇದೆ ಎಂದು. ಹಾಕಿಸುವಾಗ ಅದನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಕೋಟಿಗಟ್ಟಲೆ ಜನ ಅಷ್ಟೊತ್ತಿಗೆ ಕುಡಿದುಬಿಟ್ಟಿದ್ದರು. ನಮ್ಮ ರಾಯಚೂರು, ಯಾದಗಿರಿ ಕಡೆಯ ಚಿನ್ನದ ಗಣಿ ಸೀಮೆಯ ಕೆಲವು ಊರುಗಳಲ್ಲೂ ಆರ್ಸೆನಿಕ್ ಸಿಕ್ಕಿದೆ, ಅಲ್ಲಿಯವರೂ ಇದನ್ನು ಓದಲಿ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2025ರಲ್ಲಿ ಕೊಟ್ಟ ಲೆಕ್ಕದಲ್ಲಿ ಸುರಕ್ಷಿತ ನೀರಿನ ವ್ಯವಸ್ಥೆ ಇಲ್ಲದವರು ಜಗತ್ತಿನಲ್ಲಿ ಇನ್ನೂ 210 ಕೋಟಿ ಜನ, ನಾಲ್ಕರಲ್ಲಿ ಒಬ್ಬರು. ನೀರು ಕಣ್ಣೆದುರು ಇದ್ದೂ ಕುಡಿಯುವ ಹಾಗಿಲ್ಲದ ಊರುಗಳೂ ಇದರಲ್ಲಿ ಸೇರಿವೆ.

ಅಲ್ಲಿ ಮಾಡಿದ ಒಂದು ಕೆಲಸ ನನ್ನ ಮನಸ್ಸಿನಲ್ಲಿ ಉಳಿದಿದೆ. ಪ್ರತಿ ಪಂಪ್ ಪರೀಕ್ಷೆ ಮಾಡಿ, ವಿಷ ಇದ್ದರೆ ಮೂತಿಗೆ ಕೆಂಪು ಬಣ್ಣ, ಇಲ್ಲದಿದ್ದರೆ ಹಸಿರು ಬಣ್ಣ ಬಳಿದರು. ಓದು ಬಾರದ ಅಜ್ಜಿಗೂ ತಿಳಿಯುತ್ತಿತ್ತು. ಬಟ್ಟೆ ಒಗೆಯಲು ಕೆಂಪು, ಕುಡಿಯಲು ಹಸಿರು. ಒಂದೇ ಊರಲ್ಲಿ ಪಕ್ಕ ಪಕ್ಕದ ಬಾವಿಗಳ ನೀರು ಬೇರೆ ಬೇರೆ ಇರುತ್ತದೆ. ನೀಲಾ ಅವರೇ, ನಿಮ್ಮ ಊರಿನ ಎಲ್ಲ ಬೋರ್‌ಗಳನ್ನೂ ಪರೀಕ್ಷೆ ಮಾಡಿಸಿ, ಒಂದಾದರೂ ಚೆನ್ನಾಗಿರಬಹುದು.

ಶಿರಾ_ಶೇಂಗಾ

ನಾನು ರೈತ, ಬರೆಯುವುದು ಅಷ್ಟಾಗಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಆರು ವರ್ಷದಿಂದ ಕುಡಿಯುವುದು, ಅಡುಗೆ ಎರಡಕ್ಕೂ ಮಾಳಿಗೆಯ ಮಳೆನೀರು. ಮಳೆನೀರಲ್ಲಿ ಫ್ಲೋರೈಡ್ ಇಲ್ಲ ಅನ್ನುವಷ್ಟು ಕಡಿಮೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 20 ಅಡಿ 30 ಅಡಿ ಆರ್‌ಸಿಸಿ ಮಾಳಿಗೆ ಅಂದರೆ 56 ಚದರ ಮೀಟರ್. ನಮ್ಮ ಕಡೆ ವರ್ಷಕ್ಕೆ 500 ಮಿ.ಮೀ. ಬಂದರೂ 28 ಸಾವಿರ ಲೀಟರ್ ಆಯಿತು. ಐದರಲ್ಲಿ ಒಂದು ಪಾಲು ಹಾಳಾಗುತ್ತದೆ ಎಂದು ಬಿಟ್ಟರೂ 22 ಸಾವಿರ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಹಿಡಿದರೆ ವರ್ಷಕ್ಕೆ 11 ಸಾವಿರ ಸಾಕು. ಬರದ ಸೀಮೆ ಅನ್ನುತ್ತೇವೆ, ಕುಡಿಯುವಷ್ಟು ನೀರು ತಲೆ ಮೇಲೇ ಬೀಳುತ್ತದೆ.

ಮೊದಲ ಮಳೆಯ ನೀರು ಒಳಗೆ ಬಿಡಬೇಡಿ, ಧೂಳು, ಹಕ್ಕಿ ಹಿಕ್ಕೆ ಇರುತ್ತದೆ. ಪೈಪ್‌ಗೆ ಒಂದು ಕವಲು ಇಟ್ಟು ಮುಚ್ಚಳ ಹಾಕಿ, ಮೊದಲ ಹತ್ತು ನಿಮಿಷ ಅಲ್ಲಿಂದ ಹೊರಗೆ ಹೋಗಲಿ. ಆಮೇಲೆ ಜಲ್ಲಿ, ಇದ್ದಿಲು, ಮರಳಿನ ಮೂಲಕ ಸಂಪಿನ ತೊಟ್ಟಿಗೆ. ಸಂಪಿನೊಳಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ. ಸೊಳ್ಳೆ ಹೋಗದ ಹಾಗೆ ಜಾಲರಿ. ಈ ನೀರನ್ನು ಕುದಿಸಿ ಕುಡಿಯಿರಿ, ಇಲ್ಲಿ ಕುದಿಸುವುದು ಉಪಯೋಗಕ್ಕೆ ಬರುತ್ತದೆ. ಮೊದಲ ವಾರ ಸಿಮೆಂಟ್ ವಾಸನೆ ಇತ್ತು, ನಮ್ಮ ತಾಯಿ ಸಪ್ಪೆ ನೀರು ಎಂದು ಮುಖ ಸಿಂಡರಿಸುತ್ತಿದ್ದರು. ಈಗ ನೆಂಟರ ಮನೆಗೆ ಹೋದರೂ ಬಾಟಲಿಯಲ್ಲಿ ಇದೇ ನೀರು ಒಯ್ಯುತ್ತಾರೆ.

ನೀಲಾ_ಪಾವಗಡ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ.

ನಮ್ಮ ಊರಲ್ಲಿ ಕಿಟ್ ತರಬೇತಿ ಆದವರು ನಮ್ಮ ಸಂಘದ ಅಕ್ಕನೇ, ನನಗೆ ಗೊತ್ತೇ ಇರಲಿಲ್ಲ. ಮೂರು ಬೋರ್ ನೀರನ್ನೂ ನೋಡಿದೆವು, ಆಮೇಲೆ ಲ್ಯಾಬ್‌ಗೂ ಕೊಟ್ಟೆವು. ನಮ್ಮ ನಲ್ಲಿಗೆ ಬರುವ ಬೋರ್ 2.8. ಶಾಲೆಯ ಹತ್ತಿರದ್ದು 3.1. ಊರಾಚೆ ಕೆರೆ ಅಂಗಳದ ಹಳೇ ಕೈಪಂಪಿನದ್ದು 0.9! ಆ ಪಂಪನ್ನು ಯಾರೂ ಮುಟ್ಟುತ್ತಿರಲಿಲ್ಲ, ದೂರ ಎಂದು. ಅದರ ನೀರನ್ನು ಕ್ರಿಮಿಗೂ ಪರೀಕ್ಷೆ ಮಾಡಿಸಿದೆವು, ಕುದಿಸಿ ಕುಡಿಯಿರಿ ಅಂದರು. ಈಗ ದಿನಾ ಬೆಳಿಗ್ಗೆ ಯಜಮಾನರು ಬೈಕಿನಲ್ಲಿ ಎರಡು ಕ್ಯಾನ್ ತರುತ್ತಾರೆ, ಒಂದು ಕುಡಿಯುವುದಕ್ಕೆ, ಒಂದು ಅಡುಗೆಗೆ. ಸಂಘದವರು ಸೇರಿ ಬಾಗಿಲಿಗೆ ಬಳಿದು ಉಳಿದಿದ್ದ ಬಣ್ಣದಲ್ಲಿ ಪಂಪಿಗೆ ಹಸಿರು, ನಲ್ಲಿ ಕಟ್ಟೆಗಳಿಗೆ ಕೆಂಪು ಬಳಿದೆವು. ಮಗಳೂ ಬ್ರಷ್ ಹಿಡಿದು ಬಂದಿದ್ದಳು.

ಲ್ಯಾಬ್ ಚೀಟಿಯ ಜೆರಾಕ್ಸ್ ಹಿಡಿದು ಸೋಮವಾರ ಏಳು ಜನ ಪಂಚಾಯ್ತಿಗೆ ಹೋಗುತ್ತಿದ್ದೇವೆ, ಘಟಕ ರಿಪೇರಿ ಮಾಡಿಸುವ ತಾರೀಖು ಬರೆದು ಕೊಡುವವರೆಗೂ ಏಳುವುದಿಲ್ಲ.

ಶಿರಾ ಅಣ್ಣಾ, ನಮ್ಮದೂ ಆರ್‌ಸಿಸಿ ಮನೆ, ಐದೇ ಜನ. ಕುರಿ ಮಾರಿದ ದುಡ್ಡಲ್ಲಿ ಸಂಪು ಕಟ್ಟಿಸೋಣ ಎಂದಿದ್ದೇವೆ. 6 ಸಾವಿರ ಲೀಟರ್ ಸಾಕಾ?

ಶಿರಾ_ಶೇಂಗಾ

ಸಾಲದು ತಂಗಿ. ನಮ್ಮ ಕಡೆ ಮಳೆ ನಿಂತ ಮೇಲೆ ಏಳು ತಿಂಗಳು ಸಂಪಿನ ನೀರೇ ಗತಿ. 210 ದಿನಕ್ಕೆ 30 ಲೀಟರ್ ಅಂದರೇ 6,300 ಆಯಿತು. ಮುಂಗಾರು ಕೈಕೊಟ್ಟರೆ ಇನ್ನೂ ಬೇಕು. 10 ಸಾವಿರದ್ದು ಕಟ್ಟಿಸಿ, ದುಡ್ಡು ಸಾಲದಿದ್ದರೆ 8 ಸಾವಿರಕ್ಕೆ ಕಡಿಮೆ ಬೇಡ. ಮುಚ್ಚಳ ಮಕ್ಕಳು ತೆಗೆಯಲಾಗದ ಹಾಗೆ ಬೀಗ ಹಾಕುವಂಥದ್ದು ಇರಲಿ, ಮನೆಯಲ್ಲಿ ಚಿಕ್ಕವನಿದ್ದಾನೆ. ಗಾರೆ ಕೆಲಸ ಮುಂಗಾರಿಗೆ ಮೊದಲೇ ಮುಗಿಸಿ, ಕ್ಯೂರಿಂಗ್‌ಗೆ ಹದಿನೈದು ದಿನ ಬೇಕು.