ಪನ್ನೀರು ಗುಲಾಬಿ ಕಡ್ಡಿ ಚಿಗುರುತ್ತೆ ಆಮೇಲೆ ಕಪ್ಪಾಗುತ್ತೆ, ಲೋಳೆಸರ ಜೇನುತುಪ್ಪ ಇವೆಲ್ಲ ನಿಜವಾಗ್ಲೂ ಬೇರು ಬರಿಸುತ್ತಾ?

ಬಾಲ್ಕನಿ_ತೋಟ:
ಎಲ್ರಿಗೂ ನಮಸ್ಕಾರ. ನಾವಿರೋದು ಬೆಂಗಳೂರು, ಎರಡನೇ ಮಹಡಿ, ಬಾಲ್ಕನಿಗೆ ಬೆಳಿಗ್ಗೆ ಬಿಸಿಲು ಬರುತ್ತೆ, ಮಧ್ಯಾಹ್ನದ ಮೇಲೆ ನೆರಳು. ಹಾಸನದ ಹತ್ರ ನಮ್ಮತ್ತೆ ಮನೆ ಹಿತ್ತಲಲ್ಲಿ ಒಂದು ಹಳೇ ಪನ್ನೀರು ಗುಲಾಬಿ ಗಿಡ ಇದೆ, ತಿಳಿ ಬಣ್ಣ, ಒಂದು ಹೂ ಮುಡಿದ್ರೆ ಸಾಯಂಕಾಲದವರೆಗೂ ಘಮ ಹೋಗಲ್ಲ. ಈಗ ಆ ಮನೆ ಕೆಡವಿ ಹೊಸದು ಕಟ್ಟಿಸ್ತಿದಾರೆ, ಹಿತ್ತಲಿಗೂ ಪಾಯ ಬರುತ್ತಂತೆ, ಗಿಡ ಉಳಿಯಲ್ಲ. ಅದಕ್ಕೆ ಕಡ್ಡಿ ತಂದು ಕುಂಡದಲ್ಲಿ ನೆಟ್ಟಿದ್ದೆ, ಸ್ವಲ್ಪ ದಿನಕ್ಕೇ ಕೆಂಪಗೆ ಚಿಗುರು ಬಂತು, ಆಮೇಲೆ ಚಿಗುರು ಜೋತು ಬಿದ್ದು ಕಡ್ಡಿ ಬುಡದಿಂದ ಕಪ್ಪಾಗ್ತಾ ಬಂತು. ವಿಡಿಯೋಗಳಲ್ಲಿ ನೋಡಿದ್ರೆ ಒಬ್ರು ಲೋಳೆಸರ ಅಂತಾರೆ, ಇನ್ನೊಬ್ರು ಜೇನುತುಪ್ಪ, ಚಕ್ಕೆ ಪುಡಿ, ಎಳನೀರು, ಆಲೂಗಡ್ಡೆಗೆ ಚುಚ್ಚಿ ನೆಡಿ ಅಂತಾನೂ ಇದೆ. ಇದ್ರಲ್ಲಿ ಯಾವುದು ಕೆಲಸ ಮಾಡುತ್ತೆ? ಕೆಮಿಕಲ್ ಇಲ್ದೆ ಮನೇಲಿರೋದ್ರಲ್ಲೇ ಮಾಡೋಣ ಅಂತ ಆಸೆ.

ತಾರಸಿ_ಕೃಷಿ:
ಮೇಡಂ, ಮೊದಲು ಒಂದು ಸಮಾಧಾನದ ವಿಷಯ, ನಿಮ್ಮದು ನಾಟಿ ಗುಲಾಬಿ, ಕಡ್ಡಿಯಿಂದ ಬರೋ ಜಾತಿನೇ ಅದು. ನರ್ಸರಿಲಿ ಸಿಗೋ ದೊಡ್ಡ ಹೂವಿನ ಹೈಬ್ರಿಡ್‌ಗಳು ಸಾಮಾನ್ಯವಾಗಿ ಬೇರೆ ಗಿಡದ ಬೇರಿನ ಮೇಲೆ ಕಣ್ಣು ಕಸಿ ಮಾಡಿರೋವು, ಅವು ಕಡ್ಡಿಯಿಂದ ಬಂದ್ರೂ ಎಷ್ಟೋ ಸಲ ಸೊರಗ್ತವೆ. ಬೊಕೆಯ ಡಚ್ ರೋಸ್ ಅಂತೂ ಕೋಲ್ಡ್ ಸ್ಟೋರೇಜ್‌ನಲ್ಲಿದ್ದು ಬಂದಿರುತ್ತೆ, ಅದ್ರ ಮೇಲೆ ಆಸೆ ಇಟ್ಕೋಬೇಡಿ.

ಈಗ ಚಿಗುರಿನ ವಿಷಯ. ಚಿಗುರು ಬಂತು ಅಂದ್ರೆ ಬೇರು ಬಂತು ಅಂತಲ್ಲ. ಕಡ್ಡಿಯೊಳಗೆ ಕೂಡಿಟ್ಟಿರೋ ಆಹಾರದಲ್ಲೇ ಮೊದಲು ಚಿಗುರುತ್ತೆ, ಕೆಳಗೆ ಬೇರಿಲ್ಲದೆ ನೀರು ಎಳ್ಕೊಳ್ಳೋಕೆ ಆಗದೆ ಬಾಡುತ್ತೆ. ಬುಡದಿಂದ ಕಪ್ಪಾಗಿದ್ರೆ ನೀರು ಜಾಸ್ತಿ ಆಗಿ ಫಂಗಸ್ ಹಿಡಿದಿರೋ ಸಾಧ್ಯತೆನೇ ಹೆಚ್ಚು. ಮಣ್ಣಿಗೆ ಗೊಬ್ಬರ ಹಾಕಿದ್ರಾ?

ಬೇರು ಬರಿಸೋ ಹಾರ್ಮೋನು ಆಕ್ಸಿನ್, ಅದನ್ನ ಗಿಡನೇ ಎಳೇ ಎಲೆಗಳಲ್ಲಿ, ಮೊಗ್ಗುಗಣ್ಣುಗಳಲ್ಲಿ ತಯಾರು ಮಾಡಿ ಕೆಳಗೆ ಕಳಿಸುತ್ತೆ, ಕತ್ತರಿಸಿದ ಬುಡದಲ್ಲಿ ಬಂದು ಶೇಖರ ಆಗುತ್ತೆ. ಅದಕ್ಕೇ ಮೇಲೆ ಒಂದೆರಡು ಎಲೆ ಬಿಡಬೇಕು, ಕೆಳಗಡೆ ಗಿಣ್ಣಿನ ಸ್ವಲ್ಪ ಕೆಳಕ್ಕೆ ಓರೆಯಾಗಿ ಕತ್ತರಿಸಬೇಕು ಅನ್ನೋದು. ಅಂಗಡಿ ರೂಟಿಂಗ್ ಪುಡಿಯಲ್ಲಿರೋದು ಸಾಮಾನ್ಯವಾಗಿ ಐಬಿಎ, ಅದೂ ಆಕ್ಸಿನ್ ಜಾತಿದೇ. ಜೇನುತುಪ್ಪ, ಚಕ್ಕೆ ಪುಡಿ, ಅರಿಶಿನ ಇವು ಹಾರ್ಮೋನಲ್ಲ, ಗಾಯಕ್ಕೆ ಕೊಳೆ ಹಿಡಿಯದ ಹಾಗೆ ನೋಡ್ಕೊಳ್ತವೆ ಅಷ್ಟೇ. ಅದೂ ಬೇಕಾದ ಸಹಾಯನೇ, ಆದ್ರೆ ಬೇರು ಬರಿಸುತ್ತೆ ಅನ್ನೋದು ಬೇರೆ ಮಾತು. ಜೇನುತುಪ್ಪ ದಪ್ಪಗೆ ಮೆತ್ತಿದ್ರೆ ಇರುವೆ ಮುತ್ಕೊಳ್ಳುತ್ತೆ, ನೀರಲ್ಲಿ ತೆಳ್ಳಗೆ ಕಲಸಿ ಅದ್ದಿದ್ರೆ ಸಾಕು.

ಎಳನೀರಲ್ಲಿ ಬೆಳವಣಿಗೆ ಹಾರ್ಮೋನು ಇರೋದು ನಿಜ, ಅದಕ್ಕೇ ಟಿಶ್ಯೂ ಕಲ್ಚರ್ ಲ್ಯಾಬ್‌ಗಳಲ್ಲಿ ಬಳಸ್ತಾರೆ. ಆದ್ರೆ ಅದರಲ್ಲಿ ಸೈಟೋಕೈನಿನ್ ಕೂಡ ಇರುತ್ತೆ, ಅದು ಬೇರಿಗಿಂತ ಚಿಗುರಿಗೆ ಒತ್ತು ಕೊಡೋದು, ಜೊತೆಗೆ ಸಕ್ಕರೆ ಅಂಶ ಬೇರೆ. ಮಣ್ಣಿಗೆ ಸುರಿದ್ರೆ ಹುಳಿ ಬಂದು ಬೂಸ್ಟು ಹಿಡಿಯುತ್ತೆ. ನನ್ನ ಮಾತು ಕೇಳಿದ್ರೆ ಎಳನೀರು ನೀವು ಕುಡೀರಿ, ಕಡ್ಡಿಗೆ ಲೋಳೆಸರ ಸಾಕು.

ಹುಬ್ಬಳ್ಳಿ_ಹಿತ್ಲು:
ಅಕ್ಕಾರ, ಆಲೂಗಡ್ಡಿ ಒಳಗ ಚುಚ್ಚೂದು ಮಾತ್ರ ಮಾಡಬ್ಯಾಡ್ರಿ. ಅದು ಮಣ್ಣಾಗ ಕೊಳತು ಕಡ್ಡೀನೂ ಕೊಳಸ್ತೈತಿ, ಇಲ್ಲಾ ಆಲೂಗಡ್ಡಿನ ಮೊಳಕಿ ಒಡದು ಬರ್ತೈತಿ. ನಮ್ಮ ಕಡೆ ಹಿರ್ಯಾರು ಮಾಡೂದು ಭಾಳ ಸಾದಾ, ಕಡ್ಡಿ ತುದಿಗೆ ಸಗಣಿ ಮೆತ್ತತಾರ, ಮ್ಯಾಲಿಂದ ಒಣಗಬಾರದಂತ. ಸಗಣಿ ಸಿಗಲಿಲ್ಲಂದ್ರ ಅರಿಶಿಣ ಕಲಸಿ ಹಚ್ರಿ, ಮೇಣದ ಹನಿನೂ ನಡೀತೈತಿ. ನಮ್ಮಲ್ಲಿ ಬಿಸಲು ಜಾಸ್ತಿ ನೋಡ್ರಿ, ಗಾಳಿನೂ ಒಣ, ಅದಕ್ಕ ನೀರಿನ ಬಾಟಲಿ ಅರ್ಧ ಕೊಯ್ದು ಕಡ್ಡಿ ಮ್ಯಾಲೆ ಡಬ್ಬ ಹಾಕಿ ನೆರಳಾಗ ಇಡತೇವಿ. ಬಾಟಲಿ ಒಳಗ ನೀರ ಹನಿ ಕಾಣಸಾಕ್ಹತ್ತಿದ್ರ ಮತ್ತ ನೀರ ಹಾಕೂದು ಬ್ಯಾಡ. ಎರಡ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ತಗದು ಗಾಳಿ ಆಡಸ್ರಿ. ಯಾವ ಲೇಪಕ್ಕಿಂತ್ಲೂ ಈ ಬಾಟಲಿ ಕೆಲಸ ದೊಡ್ಡದು, ಇದನ್ನ ಖಾತ್ರಿಲೆ ಹೇಳತೇನಿ.

ಬಾಲ್ಕನಿ_ತೋಟ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಹೌದು ಸರ್, ಎರೆಗೊಬ್ಬರ ಅರ್ಧ ಮಣ್ಣು ಅರ್ಧ ಹಾಕಿದ್ದೆ, ದಿನಾ ನೀರೂ ಹಾಕ್ತಿದ್ದೆ. ಹಾಗಾದ್ರೆ ಯಾವ ಕಡ್ಡಿ ಆರಿಸ್ಬೇಕು, ಲೋಳೆಸರ ಹೇಗೆ ಹಚ್ಚೋದು? ಮನೆ ಕೆಡವೋಕೆ ಇನ್ನೂ ಎರಡ್ಮೂರು ತಿಂಗಳಿದೆ.

ತಾರಸಿ_ಕೃಷಿ:
ಹೂ ಬಿಟ್ಟು ಈಗಷ್ಟೇ ಉದುರಿರೋ ಕೊಂಬೆ ತಗೊಳ್ಳಿ, ಪೆನ್ಸಿಲ್ ದಪ್ಪ, 6ರಿಂದ 8 ಇಂಚು, ಮೂರ್ನಾಲ್ಕು ಗಿಣ್ಣು ಇರ್ಲಿ. ತೀರಾ ಹಸಿರು ಎಳಸೂ ಬೇಡ, ಬೂದು ಬಣ್ಣಕ್ಕೆ ತಿರುಗಿರೋ ಬಲಿತ ಕಡ್ಡಿನೂ ಬೇಡ. ಬೆಳಿಗ್ಗೆ ಹೊತ್ತು ಕೊಯ್ದು ಒದ್ದೆ ಬಟ್ಟೆ ಸುತ್ತಿ ಕವರಲ್ಲಿಟ್ಟು ತನ್ನಿ, ಬಸ್ಸಲ್ಲಿ ಬರೋಷ್ಟರಲ್ಲಿ ಒಣಗಬಾರದು. ಬ್ಲೇಡು ಸ್ಪಿರಿಟಲ್ಲಿ ಒರೆಸ್ಕೊಳ್ಳಿ. ನೆಡೋ ಮುಂಚೆ ಬುಡನ ಇನ್ನೊಂದ್ಸಲ ಸ್ವಲ್ಪ ಕತ್ತರಿಸಿ, ಆಗ ತಾನೇ ಮುರಿದ ಲೋಳೆಸರದ ಎಲೆಯೊಳಗೆ ಒಂದೈದು ನಿಮಿಷ ಚುಚ್ಚಿಟ್ಟು, ಚೂರು ಚಕ್ಕೆ ಪುಡಿ ತಾಗಿಸಿ ನೆಡಿ. ಗೊಬ್ಬರ ಸದ್ಯಕ್ಕೆ ಬೇಡವೇ ಬೇಡ. ಮರಳು ಅರ್ಧ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅರ್ಧ. ಮೊದಲೇ ಬೇರೊಂದು ಕಡ್ಡಿಯಿಂದ ತೂತು ಮಾಡ್ಕೊಂಡು ಇಳಿಸಿ, ಇಲ್ಲಾಂದ್ರೆ ಲೇಪ ಎಲ್ಲ ಮೇಲೇ ಉಳ್ಕೊಳ್ಳುತ್ತೆ. ಎರಡು ಗಿಣ್ಣು ಒಳಗಿರಬೇಕು. ಆಮೇಲೆ ಬೇರು ಬಂತಾ ಅಂತ ಅಲ್ಲಾಡಿಸಿ ಎಳೆದು ನೋಡ್ಬೇಡಿ, ಹೊಸ ಬೇರು ದಾರದ ಹಾಗೆ ಕಿತ್ಕೊಂಡು ಬರುತ್ತೆ. ಪಾರದರ್ಶಕ ಲೋಟದಲ್ಲಿ ನೆಟ್ಟು ಸುತ್ತ ಪೇಪರ್ ಸುತ್ತಿಟ್ರೆ ತೆಗೆದು ನೋಡ್ಬೋದು. ನಾಲ್ಕರಿಂದ ಆರು ವಾರ ಕಾಯ್ಲೇಬೇಕು. ಏಪ್ರಿಲ್ ಮೇ ಬಿಸಿಲಲ್ಲಿ ಮಾತ್ರ ಕೈ ಹಾಕ್ಬೇಡಿ.

ಮಲೆನಾಡ_ಹೂದೋಟ:
ಎರಡ್ಮೂರು ತಿಂಗಳಿದೆ ಅಂದ್ರಲ್ಲ ಅಕ್ಕ, ಆ ಗಿಡ ಅಷ್ಟು ಮುಖ್ಯ ಆಗಿದ್ರೆ ಬರೀ ಕಡ್ಡಿ ನಂಬ್ಕೊಂಡು ಕೂರ್ಬೇಡಿ, ತಾಯಿ ಗಿಡದಲ್ಲೇ ಲೇಯರಿಂಗ್ ಮಾಡಿ. ಬುಡದ ಹತ್ರದ ಉದ್ದ ಕೊಂಬೆ ಬಗ್ಗಿಸಿ, ಮಣ್ಣಿಗೆ ತಾಗೋ ಜಾಗದಲ್ಲಿ ಸಿಪ್ಪೆ ಸ್ವಲ್ಪ ಕೆರೆದು, ಅಲ್ಲೇ ಲೋಳೆಸರ ಬೇಕಾದ್ರೆ ಹಚ್ಚಿ, ಮಣ್ಣಲ್ಲಿ ಹೂತು ಮೇಲೊಂದು ಕಲ್ಲು ಹೇರಿ, ತುದಿ ಮಾತ್ರ ಹೊರಗಿರ್ಲಿ. ತಾಯಿಯಿಂದ ನೀರು ಆಹಾರ ಬರ್ತಾನೇ ಇರೋದ್ರಿಂದ ಬಾಡೋ ಭಯ ಇಲ್ಲ. ಎರಡು ತಿಂಗಳಾದ್ಮೇಲೆ ಮಣ್ಣು ಸರಿಸಿ ಬೇರು ನೋಡಿ ಕತ್ತರಿಸ್ಕೊಳ್ಳಿ. ನಮ್ಮಲ್ಲಿ ಮಳೆಗಾಲದಲ್ಲಿ ಕುಂಡದ ಕಡ್ಡಿ ಸೂರಿನಡಿ ಇಟ್ರೂ ಕೊಳೀತವೆ, ಹೀಗೆ ಹೂತಿದ್ದು ಮಾತ್ರ ಬರುತ್ತೆ.

ಪಾಯ ತೆಗೆಯೋ ಮುಂಚೆ ಹಳೇ ಗಿಡನೂ ಮೊಣಕಾಲೆತ್ತರಕ್ಕೆ ಸವರಿ, ದೊಡ್ಡ ಮಣ್ಣಿನ ಹೆಂಟೆ ಸಮೇತ ಅಗೆದು ಗೋಣಿಚೀಲ ಸುತ್ತಿ ತಗೊಂಡು ಬನ್ನಿ. ಸವರಿದಾಗ ಬರೋ ಕಡ್ಡಿಗಳನ್ನ ಅಕ್ಕಪಕ್ಕದ ಮನೆಯವ್ರಿಗೂ ನೆಂಟರಿಗೂ ಕೊಡಿ, ನಿಮ್ಮಲ್ಲಿ ಹೋದ್ರೂ ಇನ್ನೊಬ್ರ ಹಿತ್ತಲಲ್ಲಿ ಉಳ್ದಿರುತ್ತೆ, ಬೇಕಾದಾಗ ಕೇಳಿ ತರ್ಬೋದು.

ಬಾಲ್ಕನಿ_ತೋಟ:
ಇದು ಹೊಳೆದೇ ಇರ್ಲಿಲ್ಲ ನೋಡಿ! ಈ ಭಾನುವಾರನೇ ಊರಿಗೆ ಹೋಗಿ ಎರಡು ಕೊಂಬೆ ಹೂತು ಬರ್ತೀನಿ, ಕಡ್ಡಿನೂ ತರ್ತೀನಿ. ಅತ್ತೆಗೆ ಫೋನ್ ಮಾಡಿ ಹೇಳಿದೆ, ಕಲ್ಲು ಹೇರಿದ ಕಡೆ ಕೆಲಸದವ್ರು ಮರಳು ಸುರೀದೇ ಇರೋ ಹಾಗೆ ಅವ್ರೇ ನೋಡ್ಕೋತಾರಂತೆ.